ಅಜ್ಜಿಯ ಸಾರಿಗೆ ಎಷ್ಟು ವಯಸ್ಸು?

ತಿಥಿಯ ದಿನ ಅಡುಗೆಮನೆಗೆ ಮೆಣಸಿನಕಾಯಿ ಬರುವುದಿಲ್ಲ. ಟೊಮೆಟೊ, ಆಲೂಗಡ್ಡೆ, ಎಲೆಕೋಸು, ಬೀನ್ಸ್ ಕೂಡ ಹೊರಗೇ ಉಳಿಯುತ್ತವೆ. ಸಾರಿಗೆ ಕಾಳುಮೆಣಸು, ಜೀರಿಗೆ ಹುರಿದು ಪುಡಿ ಮಾಡುತ್ತಾರೆ. ಬಾಳೆಕಾಯಿಯದೋ ಹಾಗಲಕಾಯಿಯದೋ ಪಲ್ಯ, ಉದ್ದಿನ ವಡೆ, ಎಳ್ಳುಂಡೆ, ಪಾಯಸ. ಶ್ರಾದ್ಧ ಮಾಡುವ ಮನೆ ಮೈಸೂರಿನ ಅಗ್ರಹಾರದಲ್ಲಿರಲಿ, ಮಾಟುಂಗದ ಎರಡು ಕೋಣೆಯ ಫ್ಲ್ಯಾಟಿನಲ್ಲಿರಲಿ, ಈ ಪಟ್ಟಿ ಹೆಚ್ಚು ಬದಲಾಗುವುದಿಲ್ಲ. "ಟೊಮೆಟೊ ಯಾಕೆ ಹಾಕಬಾರದು ಅಜ್ಜಿ?" ಎಂದು ಮೊಮ್ಮಗ ಕೇಳಿದರೆ, "ಹಿರಿಯರಿಗೆ ಅದು ಆಗಲ್ಲ ಕಣೋ, ಮೊದಲಿಂದ ಹಾಗೇ" ಎಂಬ ಉತ್ತರ ಬರುತ್ತದೆ.

ಆ ಉತ್ತರದಲ್ಲಿ ಇತಿಹಾಸವಿದೆ. ಶಾಸ್ತ್ರ ಹೇಳುವ ಕಾರಣ ಏನೇ ಇರಲಿ, ಆ ದಿನ ಎಲೆಯ ಮುಂದೆ ಕರೆಯುವ ಹಿರಿಯರ ಹಿರಿಯರು ಮೆಣಸಿನಕಾಯಿಯನ್ನು ಕಂಡವರೇ ಅಲ್ಲ. ಟೊಮೆಟೊ, ಆಲೂಗಡ್ಡೆಯನ್ನಂತೂ ಕೇಳಿಯೂ ಇರಲಿಲ್ಲ. ಅವರು ಉಂಡಿದ್ದನ್ನೇ ಅವರಿಗೆ ಬಡಿಸಬೇಕು ಎಂದು ಹಟ ಹಿಡಿದ ಅಡುಗೆಮನೆ, ತನಗೆ ಅರಿವಿಲ್ಲದೆಯೇ ಐನೂರು ವರ್ಷಗಳ ಹಿಂದಿನ ಊಟವೊಂದನ್ನು ವರ್ಷಕ್ಕೊಮ್ಮೆ ಮತ್ತೆ ಮಾಡುತ್ತಿದೆ. ಚಾತುರ್ಮಾಸ್ಯದ ಶಾಕವ್ರತದ ಅಡುಗೆ, ಬಾಣಂತಿಗೆ ಹಾಕುವ ಮೆಣಸಿನ ಸಾರು ಇವೂ ಅದೇ ಕಾಲದ ರುಚಿಯನ್ನು ಉಳಿಸಿಕೊಂಡಿವೆ.

ಹಾಗಾದರೆ ಉಳಿದ 364 ದಿನ ಮಾಡುವ ಸಾರಿನ ಗತಿಯೇನು? ಬ್ಯಾಡಗಿ ಮೆಣಸಿನಕಾಯಿ ಹುರಿದು ಮಾಡಿದ ಪುಡಿ, ಕಿವುಚಿದ ಟೊಮೆಟೊ, ಮೇಲೆ ಕೊತ್ತಂಬರಿ ಸೊಪ್ಪು. 'ನಮ್ಮ ಅಜ್ಜಿಯ ಕಾಲದ್ದು' ಎಂದು ಹೆಮ್ಮೆಯಿಂದ ಹೇಳುವ ಆ ಸಾರಿಗೆ ನಿಜವಾಗಿ ಎಷ್ಟು ವಯಸ್ಸು?

ಹಡಗಿನಲ್ಲಿ ಬಂದವರು

ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಬೀನ್ಸ್ ನಾಲ್ಕೂ ಅಮೆರಿಕ ಖಂಡದ ಬೆಳೆಗಳು. ಕೊಲಂಬಸ್ 1492ರಲ್ಲಿ ಅತ್ತ ಹೋಗುವ ತನಕ ಈ ಕಡೆಯ ಜಗತ್ತಿಗೆ ಅವು ಗೊತ್ತಿರಲಿಲ್ಲ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಹಡಗುಗಳ ಜೊತೆ 16ನೇ ಶತಮಾನದಲ್ಲಿ ಮೆಣಸಿನಕಾಯಿ ಪಶ್ಚಿಮ ಕರಾವಳಿಗೆ ಇಳಿಯಿತು. ಅವರು ಅಷ್ಟು ದೂರ ಬಂದದ್ದು ನಮ್ಮ ಕಾಳುಮೆಣಸಿಗಾಗಿ. ಅದನ್ನು ಒಯ್ದರು, ಬಿಟ್ಟುಹೋದದ್ದು ಮೆಣಸಿನಕಾಯಿಯನ್ನು.

ಈ ಕಥೆಗೆ ಕನ್ನಡ ಭಾಷೆಯೇ ಸಾಕ್ಷಿ. ಮೊದಲು 'ಮೆಣಸು' ಎಂದರೆ ಬಳ್ಳಿಯಲ್ಲಿ ಬಿಡುವ ಕಪ್ಪು ಕಾಳು ಮಾತ್ರ. ಹೊಸ ಕಾಯಿ ಬಂದಾಗ ಅದರ ಖಾರವನ್ನು ಹಳೆಯದಕ್ಕೆ ಹೋಲಿಸಿ 'ಮೆಣಸಿನಕಾಯಿ' ಎಂದರು. ಬರಬರುತ್ತಾ ಹೊಸಬ ಎಷ್ಟು ಬಲಿತನೆಂದರೆ, ಕರಾವಳಿ, ಮಲೆನಾಡಿನ ಅನೇಕ ಮನೆಗಳಲ್ಲಿ ಬರೀ 'ಮೆಣಸು' ಎಂದರೆ ಈಗ ಮೆಣಸಿನಕಾಯಿಯೇ. ಮನೆಯ ಹಳೆಯ ಯಜಮಾನನಿಗೆ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಸೇರಿಸಿ ಗುರುತು ಹೇಳಬೇಕಾಯಿತು. ಉಳಿದ ಹೊಸಬರ ಹೆಸರಿನಲ್ಲೂ ಬಂದ ದಾರಿ ಕಾಣುತ್ತದೆ. ಕರಾವಳಿಯ 'ಬಟಾಟೆ', ಉತ್ತರ ಕರ್ನಾಟಕದ 'ಬಟಾಟಿ', ಮುಂಬಯಿಯ 'ಬಟಾಟಾ' ಎಲ್ಲ ಪೋರ್ಚುಗೀಸರ ಮಾತಿನಿಂದ ಬಂದವು. ಸೀಮೆಬದನೆಯ 'ಸೀಮೆ' ಎಂದರೆ ಸೀಮೆಎಣ್ಣೆ, ಸೀಮೆಸುಣ್ಣದಲ್ಲಿರುವ ಅದೇ ಪರದೇಶ.

ಮೆಣಸಿನಕಾಯಿ ಗೆದ್ದದ್ದಕ್ಕೆ ಸರಳವಾದ ಕಾರಣವಿದೆ. ಕಾಳುಮೆಣಸಿನ ಬಳ್ಳಿಗೆ ಘಟ್ಟದ ಮಳೆ ಬೇಕು, ನೆರಳು ಬೇಕು, ಹಬ್ಬಲು ಮರ ಬೇಕು. ಮೆಣಸಿನ ಗಿಡಕ್ಕೆ ಹಿತ್ತಲಿನ ಮೂಲೆ ಸಾಕು. ಬಯಲುಸೀಮೆಯ ಬಡವನಿಗೆ ಕಾಳುಮೆಣಸು ಕಾಸು ಕೊಟ್ಟು ಕೊಳ್ಳುವ ವಸ್ತು, ಮೆಣಸಿನಕಾಯಿ ತಾನೇ ಬೆಳೆದುಕೊಳ್ಳುವ ವಸ್ತು. ಜೋಳದ ರೊಟ್ಟಿಯ ಜೊತೆ ನಂಚಿಕೊಳ್ಳುವ ಕೆಂಪು ಖಾರ ಸಾಮಾನ್ಯರ ತಟ್ಟೆಗೆ ಬಂದದ್ದು ಹೀಗೆ. ಇವತ್ತು ಹಾವೇರಿ ಜಿಲ್ಲೆಯ ಒಂದು ಊರಿನ ಹೆಸರೇ ಆ ಕಾಯಿಗೆ ಅಂಟಿಕೊಂಡಿದೆ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅಮೆರಿಕದ ಗಿಡ ನಾಲ್ಕು ಶತಮಾನಗಳಲ್ಲಿ ಪೂರ್ತಿ ನಮ್ಮೂರಿನದಾಯಿತು.

ಪಟ್ಟಿ ಇನ್ನೂ ಉದ್ದವಿದೆ. ಧಾರವಾಡ, ವಿಜಯಪುರದ ಕಡೆಯ ಶೇಂಗಾ ಹಿಂಡಿ, ಶೇಂಗಾ ಹೋಳಿಗೆಯ ಶೇಂಗಾ ಅಮೆರಿಕದ್ದು. ಪಾಯಸದಲ್ಲಿ ತೇಲುವ ಗೋಡಂಬಿ ಅಮೆರಿಕದ್ದು. ಮುಂಬಯಿ, ಪುಣೆಯಲ್ಲಿ ನೆಲೆಸಿದ ಕನ್ನಡಿಗರು ನೆರೆಮನೆಯವರಿಂದ ಕಲಿತ ಉಪವಾಸದ ಸಾಬೂದಾಣೆ ಖಿಚಡಿಯನ್ನೇ ನೋಡಿ. ಮರಗೆಣಸಿನ ಪಿಷ್ಟದಿಂದ ಮಾಡಿದ ಸಾಬೂದಾಣೆ, ಶೇಂಗಾ, ಬಟಾಟೆ, ಹಸಿಮೆಣಸಿನಕಾಯಿ ನಾಲ್ಕಕ್ಕೆ ನಾಲ್ಕೂ ಅಮೆರಿಕ ಮೂಲದವು. ತಿಥಿಯ ಬಾಗಿಲಲ್ಲಿ ತಡೆದು ನಿಲ್ಲಿಸಿದ ಹೊಸಬರನ್ನು ಏಕಾದಶಿಯ ಬಾಗಿಲು ಒಳಗೆ ಬಿಟ್ಟುಕೊಂಡಿತು.

ಹಾಗೆಂದು ಅಜ್ಜಿಯ ಸಾರು ಸುಳ್ಳಾಗುವುದಿಲ್ಲ. ಒಂದೊಂದು ತಲೆಮಾರೂ ಹೊಸದೇನನ್ನೋ ಒಳಗೆ ಬಿಟ್ಟುಕೊಂಡಿದೆ ಎಂದಷ್ಟೇ ಇದರ ಅರ್ಥ. ಹಾಗಾದರೆ ತಲೆಮಾರಿನಿಂದ ತಲೆಮಾರಿಗೆ ದಾಟಿದ್ದು ಯಾವುದು ಎಂಬುದು ಮುಂದಿನ ಪ್ರಶ್ನೆ.

ಸಾವಿರ ವರ್ಷದ ಇಡ್ಲಿ

ಈ ಪ್ರಶ್ನೆಗೆ ಉತ್ತರ ಹುಡುಕಲು ಕನ್ನಡ ನಾಡಿನಷ್ಟು ಅನುಕೂಲವಾದ ಜಾಗ ಕಡಿಮೆ. ಇಲ್ಲಿ ಅಡುಗೆಯ ಬಗ್ಗೆ ಬರೆದಿಟ್ಟವರು ಹಿಂದಿನಿಂದಲೂ ಇದ್ದಾರೆ. ಸುಮಾರು 920ರ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂಬ ತಿಂಡಿಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಎರಡನೆಯ ಚಾವುಂಡರಾಯ 'ಲೋಕೋಪಕಾರ' ಬರೆದ. ಬೇಸಾಯ, ಅಂತರ್ಜಲ, ಸುಗಂಧ, ವೈದ್ಯ ಹೀಗೆ ಸಂಸಾರಸ್ಥನಿಗೆ ಬೇಕಾದ್ದನ್ನೆಲ್ಲ ಕನ್ನಡದಲ್ಲೇ ಹೇಳುವ ಆ ಪುಸ್ತಕದಲ್ಲಿ ಅಡುಗೆಗೂ ಜಾಗವಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವ ಕ್ರಮವನ್ನು ಅವನು ಹೇಳುತ್ತಾನೆ. ಸುಮಾರು ನೂರು ವರ್ಷದ ನಂತರ ಅದೇ ವಂಶದ ಅರಸು ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲೂ 'ಇಡ್ಡರಿಕಾ' ಇದೆ, ಬೇಳೆಯಿಂದ ಮಾಡುವ 'ದೋಸಕ' ಇದೆ.

ಈ ವಿವರಣೆಗಳಲ್ಲಿ ಮೂರು ಸಂಗತಿಗಳು ಕಾಣುವುದಿಲ್ಲ ಎಂದು ಆಹಾರ ಇತಿಹಾಸಕಾರ ಕೆ. ಟಿ. ಅಚಯ ಗುರುತಿಸಿದರು. ಉದ್ದಿನ ಜೊತೆ ಅಕ್ಕಿ ಇಲ್ಲ, ರಾತ್ರಿಯಿಡೀ ಹುದುಗು ಬರಿಸುವುದಿಲ್ಲ, ಹಬೆಯಲ್ಲಿ ಬೇಯಿಸುವುದಿಲ್ಲ. ಎಂದರೆ ಹೆಸರು ಸಾವಿರ ವರ್ಷದಷ್ಟು ಹಳೆಯದು, ಉದ್ದು ರುಬ್ಬುವ ಕೆಲಸ ಹಳೆಯದು, ಆದರೆ ಬಿಳಿಯ, ಮೆತ್ತನೆಯ, ಹಬೆಯಾಡುವ ಇಡ್ಲಿ ನಡುವೆ ಎಲ್ಲೋ ರೂಪುಗೊಂಡಿದೆ. ಚಾವುಂಡರಾಯ ಹೇಳುವ ಇಂಗು ಕೂಡ ನಮ್ಮ ನೆಲದ್ದಲ್ಲ. ಅದರ ಗಿಡ ಬೆಳೆಯುವುದು ಇರಾನ್, ಅಫ್ಘಾನಿಸ್ತಾನದ ಕಡೆ. ಸಾವಿರ ವರ್ಷದ ಹಿಂದೆಯೇ ಕನ್ನಡದ ಅಡುಗೆಗೆ ಹೊರಗಿನ ಸರಕು ಬೇಕಾಗಿತ್ತು.

ಇನ್ನೊಂದು ಕಡೆ, ಕೈಯ ಕೆಲಸ ಮಾತ್ರ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ ಉಳಿದ ಉದಾಹರಣೆಯೂ ಇದೆ. 'ಮಾನಸೋಲ್ಲಾಸ'ದ 'ಮಂಡಕ' ಗೋಧಿಯ ಹಿಟ್ಟನ್ನು ತೆಳ್ಳಗೆ ಮಾಡಿ ಕಾದ ಮಡಕೆಯ ಮೇಲೆ ಹಾಕಿ ಬೇಯಿಸುವ ತಿಂಡಿ. ಬೆಳಗಾವಿಯ ಕಡೆ ಇಂದಿಗೂ ಮದುವೆಗೆ ಮಂಡಿಗೆ ಮಾಡುವವರು ಕಣಕವನ್ನು ಕೈಯ ಮೇಲೆ ಆಡಿಸಿ ಆಡಿಸಿ ಬಟ್ಟೆಯಂತೆ ಅಗಲಿಸಿ, ಬೋರಲು ಹಾಕಿದ ಕಾದ ಪಾತ್ರೆಯ ಮೇಲೆ ಹರಡುತ್ತಾರೆ. ಮಣ್ಣಿನ ಜಾಗಕ್ಕೆ ಕಬ್ಬಿಣ ಬಂದಿರಬಹುದು, ಒಳಗಿನ ಸಕ್ಕರೆ, ಖೋವಾ ಬೇರೆಯಾಗಿರಬಹುದು. ಹಿಟ್ಟು ಹರಿಯದ ಹಾಗೆ ಎಷ್ಟು ಎಳೆಯಬೇಕು, ಎಷ್ಟು ಹೊತ್ತಿಗೆ ತೆಗೆಯಬೇಕು ಎಂಬ ಲೆಕ್ಕ ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದದ್ದು.

ಬರೆದವರು, ಬೇಯಿಸಿದವರು

ಸುಮಾರು 1508ರಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ' ಬರೆದ. ಮೈಸೂರಿನ ಕಡೆಯ ಕಲ್ಲಹಳ್ಳಿಯ ಪಾಳೆಯಗಾರ, ಜೈನ, ಕವಿ. ಪುಸ್ತಕ ಪೂರ್ತಿ ವಾರ್ಧಕ ಷಟ್ಪದಿಯಲ್ಲಿದೆ, ಪೂರ್ತಿ ಸಸ್ಯಾಹಾರ. ರೊಟ್ಟಿ, ಮಂಡಿಗೆಗಳು, ಪಾನಕಗಳು, ಅನ್ನದ ಬಗೆಗಳು, ಬಾಳೆ, ಹಲಸು, ಕಳಲೆ ಎಲ್ಲ ಬರುತ್ತವೆ. ಬದನೆಕಾಯಿ ಒಂದಕ್ಕೇ ಹತ್ತಾರು ಬಗೆ. ಪೋರ್ಚುಗೀಸರು ಗೋವೆಗೆ ಬರುವ ಎರಡು ವರ್ಷ ಮುಂಚಿನ ಪುಸ್ತಕವಾದ್ದರಿಂದ ಇದರಲ್ಲಿ ಮೆಣಸಿನಕಾಯಿಯ ಸುಳಿವಿಲ್ಲ. ತಿಥಿಯ ಅಡುಗೆಮನೆ ನೆನಪಿಟ್ಟುಕೊಂಡ ಕಾಲ ಇದೇ.

ಈ ಮೂರು ಪುಸ್ತಕಗಳನ್ನು ಒಟ್ಟಿಗೆ ಇಟ್ಟರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬರೆದವರು ಆಸ್ಥಾನದ ಕವಿ, ಅರಸು, ಪಾಳೆಯಗಾರ. ಮೂವರೂ ಗಂಡಸರು. ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ಕೂತು ಹೊಗೆ ಕುಡಿದವರ ಒಂದು ಹೆಸರೂ ಈ ಪುಟಗಳಲ್ಲಿಲ್ಲ. ಅರಸರ, ಜೈನರ, ಬ್ರಾಹ್ಮಣರ ಅಡುಗೆ ಬರಹಕ್ಕೆ ಬಂದಷ್ಟು ಸುಲಭವಾಗಿ ಒಕ್ಕಲಿನ ಮನೆಯ ಅಡುಗೆ ಬರಲಿಲ್ಲ. 16ನೇ ಶತಮಾನದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ರಾಗಿಯನ್ನೂ ಭತ್ತವನ್ನೂ ರಾಮನ ಮುಂದೆ ನಿಲ್ಲಿಸಿ ರಾಗಿಯನ್ನು ಗೆಲ್ಲಿಸಿದರು. ಆದರೆ ಆ ರಾಗಿಯನ್ನು ಮುದ್ದೆ ಮಾಡುವ ಬಗೆಯನ್ನು ಯಾರೂ ಷಟ್ಪದಿಯಲ್ಲಿ ಹಾಡಲಿಲ್ಲ.

ಬಸ್ಸಾರನ್ನು ನೋಡಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ನೀರು ಬಸಿದು, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಒಂದೇ ಸೌದೆಯಲ್ಲಿ ಎರಡು ಅಡುಗೆ, ಒಂದು ಹನಿಯೂ ಹಾಳಿಲ್ಲ. ಸೌದೆಗೂ ನೀರಿಗೂ ಬೆಲೆಯಿದ್ದ ಮನೆಯ ಹೆಂಗಸಿನ ಬುದ್ಧಿ ಇದು. ಇದಕ್ಕೆ ಗ್ರಂಥ ಇರಲಿಲ್ಲ. ಹೊಲದಿಂದ ಬಂದ ಅತ್ತೆ ಸೊಸೆಗೆ ಹೇಳಿಕೊಟ್ಟದ್ದೇ ಗ್ರಂಥ. ಹಾಗೆ ಹೇಳಿಕೊಡುವ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಹುಡುಕಿ ನೋಡಲು ಯಾವ ಓಲೆಗರಿಯೂ ಸಿಗುವುದಿಲ್ಲ.

ಊರು ಬಿಟ್ಟವರ ಪುಸ್ತಕ

ಹೆಂಗಸರು ಅಡುಗೆಯನ್ನು ಬರೆದು ಅಚ್ಚು ಹಾಕಿಸಿದ್ದು 20ನೇ ಶತಮಾನದಲ್ಲಿ. ಆ ಬರವಣಿಗೆಗೂ ಊರು ಬಿಡುವುದಕ್ಕೂ ನಂಟಿದೆ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಚಿತ್ರಾಪುರ ಸಾರಸ್ವತರು ಕೆಲಸ ಹುಡುಕಿಕೊಂಡು 19ನೇ ಶತಮಾನದ ಕೊನೆಗೆ ಮುಂಬಯಿಗೆ ಹೋಗತೊಡಗಿದರು. 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಿಕೊಂಡು ವಠಾರ ಎಬ್ಬಿಸಿದರು. ಊರಿನಲ್ಲಿ ಅಜ್ಜಿ, ಅತ್ತೆ, ದೊಡ್ಡಮ್ಮ ಎಲ್ಲ ಒಂದೇ ಅಡುಗೆಮನೆಯಲ್ಲಿದ್ದರು. ಇಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಒಬ್ಬಳೇ. ಈ ಸಮುದಾಯದ ಮಹಿಳಾ ಸಮಾಜ 1943ರಲ್ಲಿ 'ರಸಚಂದ್ರಿಕಾ' ಎಂಬ ಅಡುಗೆ ಪುಸ್ತಕವನ್ನು ಹೊರತಂದಿತು. ಮನೆಮಾತು ಕೊಂಕಣಿ, ಊರಿನ ಶಾಲೆಯ ಭಾಷೆ ಕನ್ನಡ, ಪುಸ್ತಕ ಬಂದದ್ದು ಮರಾಠಿಯಲ್ಲಿ. ಮುಂಬಯಿಯಲ್ಲಿ ಬೆಳೆಯುತ್ತಿದ್ದ ಹೆಣ್ಣುಮಕ್ಕಳು ಓದಬಲ್ಲ ಭಾಷೆ ಅದು.

ಮದರಾಸಿನಲ್ಲೂ ಇದೇ ಬಗೆಯ ಕಥೆ. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡ ಎಸ್. ಮೀನಾಕ್ಷಿ ಅಮ್ಮಾಳ್ ಅವರ ಅಡುಗೆಗೆ ನೆಂಟರಿಷ್ಟರಲ್ಲಿ ಹೆಸರಿತ್ತು. ಅದು ಹೇಗೆ, ಇದು ಹೇಗೆ ಎಂದು ಕೇಳುವವರು ಹೆಚ್ಚಾದಾಗ 1951ರಲ್ಲಿ ತಮಿಳಿನಲ್ಲಿ 'ಸಮೈತ್ತು ಪಾರ್' ಅಚ್ಚಾಯಿತು. 'ಮಾಡಿ ನೋಡು' ಎಂದು ಅದರ ಅರ್ಥ. ಮದುವೆಯಾಗಿ ದೂರ ಹೋಗುವ ಮಗಳ ಪೆಟ್ಟಿಗೆಯಲ್ಲಿ ಆ ಪುಸ್ತಕ ಇಡುವುದು ವಾಡಿಕೆಯೇ ಆಯಿತು. ಪುಣೆಯ ಮನೆಗಳಲ್ಲಿ 1970ರಲ್ಲಿ ಬಂದ ಕಮಲಾಬಾಯಿ ಓಗಲೆಯವರ 'ರುಚಿರಾ' ಇದೇ ಜಾಗ ಪಡೆಯಿತು. ಕೇಳಲು ಪಕ್ಕದಲ್ಲಿ ಯಾರೂ ಇಲ್ಲದಾಗಲೇ ಪುಸ್ತಕ ಬೇಕಾದದ್ದು.

ಬರೆಯಲು ಹೊರಟಾಗ ಮೊದಲು ಎದುರಾದ ತೊಡಕು ಅಳತೆಯದು. ಹಳೆಯ ಮೈಸೂರಿನ ಅಡುಗೆಮನೆಯಲ್ಲಿ ಸೇರು, ಪಾವು, ಚಟಾಕು ಇದ್ದವು. ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ಆದರೆ ಊರಿಂದೂರಿಗೆ ಸೇರಿನ ಗಾತ್ರವೇ ಬೇರೆ. 1956ರ ಕಾಯ್ದೆಯ ನಂತರ ದೇಶ ಹಂತ ಹಂತವಾಗಿ ಕಿಲೋ, ಲೀಟರಿಗೆ ಬದಲಾಯಿತು. ಅಂಗಡಿಯಿಂದ ಸೇರು ಮಾಯವಾಯಿತು, ಹಿತ್ತಾಳೆಯ ಪಾವು ಮಾತ್ರ ಅಕ್ಕಿಯ ಡಬ್ಬದಲ್ಲಿ ಉಳಿಯಿತು. ಮೊಮ್ಮಗಳು ಹಳೆಯ ನೋಟುಪುಸ್ತಕ ತೆರೆದು 'ಅರೆಪಾವು ತೊಗರಿಬೇಳೆ' ಎಂಬುದನ್ನು ಗ್ರಾಮಿಗೆ ಇಳಿಸಬೇಕಾದರೆ ಆ ಪಾತ್ರೆಯೇ ಬೇಕು. ಪಾತ್ರೆ ತೂಕಕ್ಕೆ ಹೋಗಿದ್ದರೆ ಲೆಕ್ಕವೂ ಅದರ ಜೊತೆಗೇ ಹೋಯಿತು.

ಹದ ಎಂಬ ಮಾತು

ಅಳತೆ ಸಿಕ್ಕರೂ ಮುಗಿಯುವುದಿಲ್ಲ. ನೋಟುಪುಸ್ತಕದಲ್ಲಿ 'ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು' ಎಂದಿರುತ್ತದೆ. ಯಾವ ನೆಲ್ಲಿಕಾಯಿ, ಬೆಟ್ಟದ್ದೋ ಕಿರುನೆಲ್ಲಿಯೋ? 'ಘಮ್ಮೆನ್ನುವ ತನಕ ಹುರಿ', 'ಹಸಿ ವಾಸನೆ ಹೋಗಲಿ', 'ಒಂದೆಳೆ ಪಾಕ ಬಂದಾಗ ಇಳಿಸು' ಎಂದಿರುತ್ತದೆ. ಇವು ಗೊತ್ತಿದ್ದವರಿಗೆ ಪೂರ್ಣ ಸೂಚನೆ, ಗೊತ್ತಿಲ್ಲದವರಿಗೆ ಬರೀ ಮಾತು. ಕನ್ನಡದಲ್ಲಿ ಇದಕ್ಕೆಲ್ಲ ಒಂದೇ ಪದವಿದೆ, ಹದ. ಮಣ್ಣಿಗೂ ಹದ, ಮಳೆಗೂ ಹದ, ಹಿಟ್ಟಿಗೂ ಹದ. ಉಳುವವನು ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಿ ನೋಡುವಂತೆ, ಮುದ್ದೆ ಮಾಡುವವಳು ಒದ್ದೆ ಬೆರಳಲ್ಲಿ ಹಿಟ್ಟನ್ನು ಮುಟ್ಟುತ್ತಾಳೆ. ಅಂಟದಿದ್ದರೆ ಬೆಂದಿದೆ. ಈ ಪರೀಕ್ಷೆಗೆ ಗಡಿಯಾರವೂ ಬೇಡ, ತಕ್ಕಡಿಯೂ ಬೇಡ. ಆದರೆ ಒಮ್ಮೆಯಾದರೂ ಪಕ್ಕದಲ್ಲಿ ನಿಂತು ಮುಟ್ಟಿ ನೋಡಿರಬೇಕು.

ಊರು ಬದಲಾದಾಗ ಹದ ಇನ್ನಷ್ಟು ಬೇಕಾಗುತ್ತದೆ. ಇಡ್ಲಿಯ ಹಿಟ್ಟನ್ನು ಉಬ್ಬಿಸುವುದು ಅಕ್ಕಿ, ಉದ್ದಿನಲ್ಲೇ ಇರುವ ಸೂಕ್ಷ್ಮಜೀವಿಗಳು. ಅವಕ್ಕೆ ಬೆಚ್ಚನೆಯ ಹವೆ ಬೇಕು. ಚೆನ್ನೈನ ಮೇ ತಿಂಗಳಲ್ಲಿ ಸಂಜೆ ರುಬ್ಬಿದ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಹತ್ತಿರುತ್ತದೆ. ದಿಲ್ಲಿಯ ಜನವರಿಯಲ್ಲಿ ಅದೇ ಹಿಟ್ಟು ಮರುದಿನ ಮಧ್ಯಾಹ್ನವಾದರೂ ಅಲುಗುವುದಿಲ್ಲ. ದಿಲ್ಲಿಯಲ್ಲಿರುವವರು ಪಾತ್ರೆಗೆ ಕಂಬಳಿ ಸುತ್ತುತ್ತಾರೆ, ಬಿಸಿನೀರಿನ ಪಾತ್ರೆಯ ಪಕ್ಕ ಇಡುತ್ತಾರೆ. 'ರಾತ್ರಿ ರುಬ್ಬಿಡು' ಎಂದು ಬರೆದಿಟ್ಟ ಅಜ್ಜಿಗೆ ದಿಲ್ಲಿಯ ಚಳಿ ಗೊತ್ತಿರಲಿಲ್ಲ. ಆದರೆ ಉಬ್ಬಿದ ಹಿಟ್ಟು ಹೇಗಿರುತ್ತದೆ, ಸೌಟಿನಿಂದ ಹೇಗೆ ಬೀಳುತ್ತದೆ, ಯಾವ ವಾಸನೆ ಬರುತ್ತದೆ ಎಂಬುದನ್ನು ಅವಳಿಂದ ಕಲಿತವರು ಯಾವ ಊರಲ್ಲಾದರೂ ಇಡ್ಲಿ ಮಾಡಬಲ್ಲರು. ಅವಳ ಮಾತನ್ನು ಅಕ್ಷರಶಃ ಪಾಲಿಸಿದವರಿಗೆ ಕಲ್ಲಿನಂಥ ಇಡ್ಲಿ ಸಿಗುತ್ತದೆ.

ಸಾರಿನ ವಯಸ್ಸಿನ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಅದರೊಳಗಿನ ಟೊಮೆಟೊ ಹೆಚ್ಚಿನ ಮನೆಗಳಲ್ಲಿ ನೂರು ವರ್ಷದ್ದೂ ಇರಲಿಕ್ಕಿಲ್ಲ. ಮೆಣಸಿನಕಾಯಿ ನಾನೂರು ಐನೂರು ವರ್ಷದ್ದು. ಜೀರಿಗೆ, ಮೆಣಸು, ಇಂಗು ಒಟ್ಟಿಗೆ ಸೇರಿದಾಗ ಬರುವ ಪರಿಮಳ ಚಾವುಂಡರಾಯನಿಗೂ ಗೊತ್ತಿತ್ತು. ಇಷ್ಟು ಬೇರೆ ಬೇರೆ ವಯಸ್ಸಿನವರನ್ನು ಒಂದೇ ಪಾತ್ರೆಯಲ್ಲಿ ಹೊಂದಿಸಿದ್ದು ಹದ. ಮೆಣಸಿನಕಾಯಿ ಬಂದ ಕಾಲದಲ್ಲಿ ಯಾರೋ ಒಬ್ಬಳು ಅದನ್ನು ನಾಲಿಗೆಗೆ ಹಚ್ಚಿ ನೋಡಿ, ಮೆಣಸಿನ ಬದಲು ಎಷ್ಟು ಹಾಕಿದರೆ ಸಾರು ಸಾರಾಗಿಯೇ ಉಳಿಯುತ್ತದೆ ಎಂದು ಕಂಡುಕೊಂಡಳು. ಅವಳ ಹೆಸರು ಎಲ್ಲೂ ದಾಖಲಾಗಿಲ್ಲ. ಅವಳ ಲೆಕ್ಕ ಮಾತ್ರ ಪ್ರತಿ ಸಾರಿನ ಪುಡಿಯಲ್ಲೂ ಇದೆ.

ಆದ್ದರಿಂದ ಟೊಮೆಟೊ ಹಾಕಿದರೆ, ಮಿಕ್ಸಿಯಲ್ಲಿ ರುಬ್ಬಿದರೆ, ಕುಕ್ಕರಿನಲ್ಲಿ ಬೇಳೆ ಬೇಯಿಸಿದರೆ ಪರಂಪರೆ ಕೆಡುವುದಿಲ್ಲ. ಅದು ಕೆಡುವುದು ಹದ ಗೊತ್ತಿದ್ದವರು ಊರಲ್ಲಿ ಒಬ್ಬರೇ ಉಳಿದು, ಕಲಿಯಬೇಕಾದವರು ಇನ್ನೊಂದು ಊರಲ್ಲಿದ್ದು, ಇಬ್ಬರ ನಡುವೆ ಫೋನಿನಲ್ಲಿ "ಚೆನ್ನಾಗಿದ್ದೀಯಾ, ಊಟ ಆಯಿತಾ" ಎಂಬುದಕ್ಕಿಂತ ಹೆಚ್ಚು ಮಾತಾಗದೇ ಹೋದಾಗ. ವಡ್ಡಾರಾಧನೆಯಿಂದ ಇಂದಿನವರೆಗೆ ಸಾವಿರ ವರ್ಷ ದಾಟಿ ಬಂದದ್ದು ನಿಂತುಹೋಗಲು ಒಂದು ತಲೆಮಾರು ಕೇಳದಿದ್ದರೆ ಸಾಕು.

ಕನ್ನಡದ ಯಾವ ಅಡುಗೆ ಪುಸ್ತಕ ತೆರೆದರೂ ಸಾಮಾನಿನ ಪಟ್ಟಿಯ ಕೊನೆಗೆ ಒಂದು ಸಾಲು ಇರುತ್ತದೆ: ಉಪ್ಪು, ರುಚಿಗೆ ತಕ್ಕಷ್ಟು. ಯಾರ ರುಚಿಗೆ ಎಂದು ಪುಸ್ತಕ ಹೇಳುವುದಿಲ್ಲ. ಆ ಮನೆಯ ಎಲೆಯ ಮುಂದೆ ಕೂತು ಉಂಡು ಬೆಳೆದವರಿಗೆ ಹೇಳಬೇಕಾಗಿಯೂ ಇಲ್ಲ. ಅವರು ಒಂದು ಸೌಟು ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ, ಇನ್ನೊಂದು ಚಿಟಿಕೆ ಬೇಕೋ ಬೇಡವೋ ಎಂದು ಹೇಳಿಬಿಡುತ್ತಾರೆ.